ಕವಿತೆ ಓದುವುದು ಹೀಗೆ: ಮೊದಲು ಬಾಯಿ, ಆಮೇಲೆ ಕಿವಿ, ಅರ್ಥ ಕೊನೆಗೆ

ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಯಾರನ್ನಾದರೂ ‘ಕವಿತೆ ಓದ್ತೀರಾ?’ ಅಂತ ಕೇಳಿ ನೋಡಿ. ‘ಏ, ನಮಗ ಅವೆಲ್ಲ ತಿಳಿಯಂಗಿಲ್ರೀ’ ಅನ್ನುತ್ತಾರೆ. ಆದರೆ ಅದೇ ಮನುಷ್ಯರು ಮದುವೆಮನೆಯಲ್ಲಿ ಹೊಸ ಸೊಸೆ ಒಡಪು ಹಾಕಿ ಗಂಡನ ಹೆಸರು ಹೇಳಿದರೆ ಎಲ್ಲರಿಗಿಂತ ಮೊದಲು ನಗುತ್ತಾರೆ. ಭಜನೆಗೆ ಕೂತರೆ ತತ್ವಪದದ ಪಲ್ಲವಿ ಎತ್ತಿಕೊಡುತ್ತಾರೆ. ಮೊಹರಮ್ ಬಂದರೆ ರಿವಾಯತ್ ಪದಕ್ಕೆ ಹೆಜ್ಜೆ ಹಾಕುತ್ತಾರೆ. ಕವಿತೆ ಇವರ ಕಿವಿಯಲ್ಲಿ ಆಗಲೇ ಇದೆ. ಪುಸ್ತಕ ಕೈಗೆ ಬಂದ ಕೂಡಲೇ ಯಾಕೋ ಭಯ.

ಆ ಭಯ ಪರೀಕ್ಷೆಯಿಂದ ಬಂದದ್ದು ಅಂತ ನನಗೆ ಅನ್ನಿಸುತ್ತದೆ. ಕವಿ ಪರಿಚಯ ಬರೆಯಿರಿ, ಸಾರಾಂಶ ಬರೆಯಿರಿ, ಸಂದರ್ಭಸಹಿತ ವಿವರಿಸಿರಿ. ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಕವಿತೆ ಅಂದರೆ ಒಳಗೆ ಏನೋ ಬಚ್ಚಿಟ್ಟಿದ್ದಾರೆ, ಅದನ್ನು ಹುಡುಕಿ ತೆಗೆಯದಿದ್ದರೆ ಮಾರ್ಕ್ಸ್ ಇಲ್ಲ ಅನ್ನುವ ಭಾವನೆ ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗೆ ಬಿಟ್ಟುಹೋದವರಿಗಾಗಿಯೇ ಈ ಬರಹ. ಕವಿತೆಯ ಸುಖ ಸಿಗಬೇಕಾದರೆ ಅದು ಮೊದಲು ನಿಮ್ಮ ಬಾಯಲ್ಲಿ ಆಡಬೇಕು. ನಾನು ಹೇಳುವ ಹಂತಗಳೆಲ್ಲ ಅದಕ್ಕೇ.

ಹಂತ 1: ಮೂರು ಸಾಲಿನಿಂದ ಶುರು ಮಾಡಿ

ದಪ್ಪ ಸಮಗ್ರ ಸಂಪುಟ ತರಬೇಡಿ. ಒಂದು ತ್ರಿಪದಿ ಸಾಕು. ಇದನ್ನು ಓದಿ. ಸುಮ್ನೆ ಕಣ್ಣಾಡಿಸಬೇಡಿ, ಬಾಯಿಬಿಟ್ಟು ಓದಿ.

ಕೂಸು ಇದ್ದ ಮನೆಗೆ ಬೀಸಣಿಕೆ ಯಾತಕ
ಕೂಸು ಕಂದಯ್ಯ ಒಳಹೊರಗ ಆಡಿದರ
ಬೀಸಣಿಕೆ ಗಾಳಿ ಸುಳಿದಾವ

ಮೊದಲ ಸಲ ಮಾತಾಡುವ ಹಾಗೆ ಓದಿ. ಎರಡನೇ ಸಲ ಹೆಂಗಸರು ಹಾಡುವ ಹಾಗೆ ನಡುವಿನ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಓದಿ. ರಾಗ ಬರದಿದ್ದರೂ ನಡೆಯುತ್ತದೆ. ಬೀಸುವ ಕಲ್ಲು ಒಂದು ಸುತ್ತು ಬಂದಂತೆ ಸಾಲು ತಿರುಗುವುದು ಗೊತ್ತಾಗುತ್ತದೆ. ಮೂರನೇ ಸಲ ಪ್ರತಿ ಸಾಲಿನ ಎರಡನೇ ಅಕ್ಷರದ ಮೇಲೆ ಚೂರು ಒತ್ತು ಕೊಡಿ. ಕೂಸು, ಕೂಸು, ಬೀಸಣಿಕೆ. ಮೂರು ಕಡೆಯೂ ಎರಡನೇ ಅಕ್ಷರ ‘ಸ’ಕಾರ. ಇದೇ ನಮ್ಮ ಆದಿಪ್ರಾಸ. ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುವ ಅಭ್ಯಾಸ ಇದ್ದವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಕಿವಿಗೆ ಮಾತ್ರ ತಟ್ಟನೆ ಸಿಗುತ್ತದೆ.

ಈಗ ಅರ್ಥಕ್ಕೆ ಬನ್ನಿ. ಸೆಕೆ ಇದೆ, ಬೀಸಣಿಕೆ ಬೇಕು. ಬೇಡ ಅನ್ನುತ್ತಾಳೆ ತಾಯಿ. ಮಗು ಒಳಗೊಮ್ಮೆ ಹೊರಗೊಮ್ಮೆ ಓಡಾಡಿದರೆ ಅದರ ಹಿಂದೆ ಗಾಳಿ ಸುಳಿಯುತ್ತದೆ. ಅಷ್ಟೇ ಇರುವುದು. ಪ್ರೀತಿ ಅನ್ನುವ ಮಾತಿಲ್ಲ, ಮುದ್ದು ಅನ್ನುವ ಮಾತಿಲ್ಲ. ಮೇ ತಿಂಗಳಲ್ಲಿ ನಮ್ಮೂರುಗಳ ಸೆಕೆ ಉಂಡವರಿಗೆ ಆ ಗಾಳಿಯ ಬೆಲೆ ಗೊತ್ತು. ನನಗೆ ತುಂಬಾ ಇಷ್ಟವಾದ ಪದ್ಯಗಳಲ್ಲಿ ಇದು ಒಂದು. ಮಗುವಿನ ಬಗ್ಗೆ ಹೀಗೆ ಗಾಳಿಯ ಮೂಲಕ ಹೇಳಿದ ಆ ತಾಯಿಯ ಹೆಸರು ನಮಗೆ ಸಿಕ್ಕಿಲ್ಲವಲ್ಲ ಅನ್ನುವ ಸಂಕಟವೂ ಪ್ರತಿ ಸಲ ಆಗುತ್ತದೆ.

ಇಂಥ ಹಾಡುಗಳು ಪುಸ್ತಕಕ್ಕೆ ಬಂದದ್ದರ ಹಿಂದೆ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಿದ್ದಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. ಈ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಬಂತು. ಗ್ರಂಥಾಲಯದಲ್ಲಿ ಸಿಕ್ಕರೆ ಯಾವ ಪುಟವನ್ನಾದರೂ ತೆರೆಯಿರಿ, ಮೊದಲಿನಿಂದಲೇ ಓದಬೇಕು ಅಂತೇನಿಲ್ಲ. ದಿನಕ್ಕೆ ಒಂದೆರಡು ತ್ರಿಪದಿಗಿಂತ ಜಾಸ್ತಿ ಓದಬೇಡಿ. ಒಂದೇ ಉಸಿರಿಗೆ ಇಪ್ಪತ್ತು ಓದಿದರೆ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತವೆ.

ಹಂತ 2: ಬಾದಾಮಿಯ ಬಂಡೆಯ ಮುಂದೆ ಓದಿ

ಇದಕ್ಕೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಬಾದಾಮಿಗೆ ಹೋದವರು ಗುಹೆ ನೋಡುತ್ತಾರೆ, ಅಗಸ್ತ್ಯತೀರ್ಥದ ಕಟ್ಟೆ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ, ಬನಶಂಕರಿಗೆ ಹೋಗಿ ರೊಟ್ಟಿ ಊಟ ಮಾಡಿ ಬರುತ್ತಾರೆ. ಊರಿನ ಈಶಾನ್ಯಕ್ಕೆ ತಟ್ಟುಕೋಟೆಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ನೋಡಲು ಹೋಗುವವರು ಕಡಿಮೆ. ಸುಮಾರು ಕ್ರಿ.ಶ. 700ರ ಕಾಲದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊಟ್ಟಮೊದಲ ತ್ರಿಪದಿಗಳು ಇರುವುದು ಆ ಕಲ್ಲಿನ ಮೇಲೆ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ಬಂದವರಿಗೆ ಸವಿಯಾದವನು, ಪೀಡಿಸುವ ಕಲಿಗೆ ಎದುರಾಗಿ ನಿಂತವನು, ಇವನು ಮಾಧವನೇ, ಬೇರೆಯವನಲ್ಲ. ಅರ್ಥ ಇಷ್ಟು ಗೊತ್ತಾದರೆ ಸಾಕು. ಈಗ ಮೊದಲ ಹಂತದಲ್ಲಿ ಮಾಡಿದ್ದನ್ನೇ ಮಾಡಿ. ಎರಡನೇ ಅಕ್ಷರದ ಮೇಲೆ ಒತ್ತು ಕೊಟ್ಟು ಓದಿ. ಸಾಧು, ಬಾಧಿ, ಮಾಧ. ಕೂಸಿನ ಹಾಡು ಕಟ್ಟಿದ ತಾಯಿಯ ಕಿವಿಯಲ್ಲಿ ಇದ್ದ ಲೆಕ್ಕವೇ ಇಲ್ಲೂ ಇದೆ. ನೂರಾರು ವರ್ಷದ ಅಂತರ, ಲೆಕ್ಕ ಅದೇ. ಅವಳು ಶಾಸನ ಓದಿ ಹಾಡು ಕಟ್ಟಿದಳೇ? ಇಲ್ಲವಲ್ಲ. ಬಾಯಿಂದ ಬಾಯಿಗೆ ಇದು ದಾಟಿ ಬಂದಿದೆ. ಅದೇ ಶಾಸನದಲ್ಲಿ ‘ಕಟ್ಟಿದ ಸಿಂಘಮನ್’ ಅಂತ ಶುರುವಾಗುವ ಇನ್ನೊಂದು ತ್ರಿಪದಿ ಇದೆ. ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೇಡು’ ಅಂತ ಬಿಚ್ಚಿಬಿಟ್ಟ ಹಾಗೆ, ಇವನನ್ನು ಕೆಣಕಿದವರು ಕೆಟ್ಟರು, ಸತ್ತರು ಅನ್ನುತ್ತದೆ. ಅಲ್ಲಿ ಪ್ರಾಸ ‘ಟ್ಟ’. ಓದುವಾಗ ಆ ಒತ್ತಕ್ಷರ ಹಲ್ಲಿಗೆ ಬಡಿಯಬೇಕು.

ಛಂದಸ್ಸಿನ ಲೆಕ್ಕ ಬೇಕೆನ್ನುವವರಿಗೆ ಹೇಳುತ್ತೇನೆ. ತ್ರಿಪದಿಯಲ್ಲಿ ಒಟ್ಟು 11 ಗಣ, ಅಂದರೆ ಅಕ್ಷರಗಳ ಗುಂಪು. ಮೊದಲೆರಡು ಸಾಲಿನಲ್ಲಿ ನಾಲ್ಕು ನಾಲ್ಕು, ಕೊನೆಯ ಸಾಲಿನಲ್ಲಿ ಮೂರು. 6ನೆಯದು ಮತ್ತು 10ನೆಯದು ಚಿಕ್ಕ ಗುಂಪಾದ ಬ್ರಹ್ಮಗಣ, ಉಳಿದವೆಲ್ಲ ಅದಕ್ಕಿಂತ ದೊಡ್ಡದಾದ ವಿಷ್ಣುಗಣ. ಕೊನೆಯ ಸಾಲು ಗಿಡ್ಡ ಇರುವುದರಿಂದಲೇ ತ್ರಿಪದಿ ಮುಗಿಯುವಾಗ ಬಾಗಿಲು ಹಾಕಿದಷ್ಟು ಖಚಿತವಾಗಿ ಮುಗಿಯುತ್ತದೆ. ಬೇಡವಾದವರು ಈ ಲೆಕ್ಕ ಬಿಡಿ. ಗಣ ಹಾಕಲು ಬರದ ಲಕ್ಷಾಂತರ ಜನ ತ್ರಿಪದಿ ಹಾಡಿದ್ದಾರೆ.

ಹಂತ 3: ವಚನವನ್ನು ಉಸಿರಿನ ಮೇಲೆ ಓದಿ

ವಚನಕ್ಕೆ ಗಣ, ಪ್ರಾಸದ ಕಟ್ಟು ಇಲ್ಲ. ಹಾಗಾದರೆ ಅದನ್ನು ಓದುವುದು ಯಾವ ಅಳತೆಯಿಂದ? ಉಸಿರಿನಿಂದ. ಇದಕ್ಕೊಂದು ಅಭ್ಯಾಸ ಇದೆ, ತಪ್ಪದೆ ಮಾಡಿ ನೋಡಿ. ಎಲ್ಲರಿಗೂ ಗೊತ್ತಿರುವ ಬಸವಣ್ಣನವರ ಈ ವಚನವನ್ನು ಒಂದು ಹಾಳೆಯಲ್ಲಿ ಸಾಲು ಮುರಿಯದೆ ಒಂದೇ ಸಮ ಬರೆಯಿರಿ:

ಉಳ್ಳವರು ಶಿವಾಲಯವ ಮಾಡುವರು ನಾನೇನ ಮಾಡಲಿ ಬಡವನಯ್ಯಾ ಎನ್ನ ಕಾಲೇ ಕಂಬ ದೇಹವೇ ದೇಗುಲ ಶಿರವೇ ಹೊನ್ನ ಕಳಶವಯ್ಯಾ ಕೂಡಲಸಂಗಮದೇವಾ ಕೇಳಯ್ಯಾ ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ತಾಡೋಲೆಯಲ್ಲಿ ವಚನಗಳು ಹೀಗೇ ಎಡೆಬಿಡದೆ ಇದ್ದವು. ಸಾಲು ಮುರಿದು ಕೊಟ್ಟವರು ಅಚ್ಚು ಹಾಕಿದವರು. ಈಗ ಗಟ್ಟಿಯಾಗಿ ಓದುತ್ತಾ ನಿಮ್ಮ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಅಡ್ಡಗೆರೆ ಹಾಕಿ. ‘ಮಾಡುವರು’ ಆದ ಮೇಲೆ ನಿಲ್ಲುತ್ತೀರಿ. ‘ಬಡವನಯ್ಯಾ’ ಆದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೀರಿ, ಯಾಕೆಂದರೆ ಅಲ್ಲೊಂದು ಪ್ರಶ್ನೆ ಇದೆ, ಉತ್ತರ ಇನ್ನೂ ಬಂದಿಲ್ಲ. ಆಮೇಲೆ ಕಾಲೇ ಕಂಬ, ದೇಹವೇ ದೇಗುಲ. ‘ಕ’ಕ್ಕೆ ‘ಕ’, ‘ದೇ’ಗೆ ‘ದೇ’. ಮಾತು ಚಿಕ್ಕದಾಗಿ, ಗಟ್ಟಿಯಾಗಿ ಬೀಳುತ್ತದೆ. ಗುಡಿಯ ಮುಂದೆ ನಿಂತವರ ಕಣ್ಣು ಕಂಬದಿಂದ ಕಳಶಕ್ಕೆ ಏರುತ್ತದಲ್ಲ, ಈ ವಚನದಲ್ಲಿ ಮೈ ಕೂಡ ಕಾಲಿನಿಂದ ತಲೆಗೆ ಹಾಗೇ ಏರುತ್ತದೆ. ‘ನಾನೇನ ಮಾಡಲಿ’ ಅಂದ ಬಡವ ಎರಡೇ ಉಸಿರಿನಲ್ಲಿ ಗುಡಿಯೇ ಆಗಿ ನಿಂತಿರುತ್ತಾನೆ. ಕೊನೆಯ ಮಾತಿಗೆ ಬರುವ ಹೊತ್ತಿಗೆ ದನಿಯಲ್ಲಿ ಬಡತನದ ಅಳುಕು ಎಳ್ಳಷ್ಟೂ ಉಳಿದಿಲ್ಲ. ಅಚ್ಚಾದ ಸಾಲುಗಳನ್ನು ಕಣ್ಣಿನಿಂದ ನೋಡಿದಾಗ ಇದು ಸಿಗುವುದಿಲ್ಲ. ಬರೆದು, ಓದಿ, ಗೆರೆ ಹಾಕಿದಾಗ ಸಿಗುತ್ತದೆ.

ಈ ವಚನಗಳು ನಮ್ಮ ಕೈಗೆ ಬಂದ ಕಥೆಯೂ ನಮ್ಮ ಜಿಲ್ಲೆಗಳದ್ದೇ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ತಾಡೋಲೆ ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಮುಂದೆ ಹಿತಚಿಂತಕ ಅನ್ನುವ ಸ್ವಂತ ಮುದ್ರಣಾಲಯ ಹಾಕಿದರು, ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಹುಡುಗರಿಗೆ ವಚನ ಕಲಿಸುವ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ. ಬಸವಣ್ಣನವರ ಹೆಸರು ಹೇಳುವಾಗ ಹಳಕಟ್ಟಿಯವರ ಹೆಸರನ್ನೂ ಒಮ್ಮೆ ಹೇಳಿ.

ಕೂಡಲಸಂಗಮಕ್ಕೆ ಹೋದಾಗ ಕೃಷ್ಣಾ ಮಲಪ್ರಭಾ ಸೇರುವಲ್ಲಿ ಕೂತು ಒಂದು ವಚನ ಓದಿ. ಗದ್ದಲ ಇರುತ್ತದೆ, ಇರಲಿ. ಅಂಕಿತದಲ್ಲಿ ಬರುವ ಊರು ಕಣ್ಣೆದುರಿಗೇ ಇದ್ದಾಗ ‘ಕೂಡಲಸಂಗಮದೇವಾ’ ಅನ್ನುವುದು ಹತ್ತಿರದಲ್ಲಿ ನಿಂತವರನ್ನು ಕರೆದ ಹಾಗೆ ಕೇಳಿಸುತ್ತದೆ.

ಹಂತ 4: ನಿಮ್ಮ ಮಾತಿನಲ್ಲೇ ಬರೆದವರನ್ನು ನಿಮ್ಮ ಮಾತಿನಲ್ಲೇ ಓದಿ

ಶಾಲೆಯಲ್ಲಿ ನಮಗೆ ‘ಶುದ್ಧ’ವಾಗಿ ಓದಲು ಕಲಿಸುತ್ತಾರೆ. ಬೇಂದ್ರೆಯವರನ್ನು ಹಾಗೆ ಓದಿದರೆ ಅರ್ಧ ಕವಿತೆ ಹೋಯಿತು. ಧಾರವಾಡದ ಮಾತಿಗೂ ನಮ್ಮ ಮಾತಿಗೂ ದೂರವೇನಿಲ್ಲ. ‘ನೋಡಬ್ಯಾಡ’ ಅಂತ ಬರೆದದ್ದನ್ನು ‘ನೋಡಬ್ಯಾಡ’ ಅಂತಲೇ ಓದಿ, ಮನೆಯಲ್ಲಿ ಅನ್ನುವ ಹಾಗೆ.

‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ಸಮಾರಂಭಗಳಲ್ಲಿ ಪ್ರೇಮಗೀತೆಯ ಹಾಗೆ ಹಾಡುವುದನ್ನು ಕೇಳಿದ್ದೇನೆ. ಪ್ರತಿ ಸಲ ಎದೆ ಹಿಂಡಿದಂತಾಗುತ್ತದೆ. ಅದು ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಯ ಕವಿತೆ. ಅವಳು ಅಳುತ್ತಿಲ್ಲ, ನೋಡುತ್ತಿದ್ದಾಳೆ. ಆ ನೋಟ ತಡೆಯಲಾಗದೆ ಅವನು ಆಡಿದ ಮಾತು ಇದು. ರಾಗ ಬಿಟ್ಟು, ಮೆಲ್ಲಗೆ, ಒಬ್ಬರೇ ಕೂತು ಓದಿ. ಓದುವಾಗ ಗಂಟಲು ಕಟ್ಟಿದರೆ ನಿಲ್ಲಿಸಿ. ಹಾಡಿನ ರೂಪದಲ್ಲಿ ಗೊತ್ತಿರುವ ಯಾವ ಕವಿತೆಗೂ ಇದೇ ಮಾತು: ಒಮ್ಮೆಯಾದರೂ ರಾಗ ಕಳಚಿ ಓದಿ.

ಬೇಂದ್ರೆಯವರಿಗೆ ಬೆಳಗಾವಿಯ ನಂಟೂ ಇದೆ. ‘ನರಬಲಿ’ ಕವಿತೆಯ ಕಾರಣಕ್ಕೆ ಬ್ರಿಟಿಷ್ ಸರಕಾರ 1932ರಲ್ಲಿ ಅವರನ್ನು ಹಿಂಡಲಗಾ ಜೈಲಿಗೆ ಹಾಕಿತ್ತು. ಕವಿತೆ ಓದಿ ಏನಾಗುತ್ತದೆ ಅನ್ನುವವರಿಗೆ ನಾನು ಇದನ್ನು ನೆನಪಿಸುತ್ತೇನೆ. ಸರಕಾರಕ್ಕೆ ಹೆದರಿಕೆ ಆಗುವಷ್ಟಾದರೂ ಆಗಿತ್ತು.

ಬೇಂದ್ರೆ ಆದ ಮೇಲೆ ಚಂದ್ರಶೇಖರ ಕಂಬಾರರಿಗೆ ಬನ್ನಿ. ಬೆಳಗಾವಿ ಜಿಲ್ಲೆಯ ಘೋಡಗೇರಿಯವರು, 2010ನೇ ಸಾಲಿನ ಜ್ಞಾನಪೀಠ ಪಡೆದವರು. ‘ಹೇಳತೇನ ಕೇಳ’ ಲಾವಣಿಯ ಗತ್ತಿನಲ್ಲಿ ಕಥೆ ಹೇಳುವ ಉದ್ದನೆಯ ಕವಿತೆ. ಉದ್ದನೆಯ ಕವಿತೆ ಓದುವುದಕ್ಕೆ ಒಬ್ಬರು ಜೊತೆ ಬೇಕು. ಒಬ್ಬರು ಓದಲಿ, ಇನ್ನೊಬ್ಬರು ಹೂಂಗುಟ್ಟಲಿ. ಮೊದಲ ಓದಿನಲ್ಲಿ ತಿಳಿಯದ ಪದಕ್ಕೆ ನಿಲ್ಲಬೇಡಿ. ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಎರಡನೇ ಓದಿಗೆ ನಿಘಂಟು ತೆಗೆಯಿರಿ. ಹೊಲಮನೆಯ ಪದಗಳಾದರೆ ನಿಘಂಟಿಗಿಂತ ಊರಿನ ಹಿರಿಯರು ಚೆನ್ನಾಗಿ ಹೇಳುತ್ತಾರೆ. ‘ಯಜ್ಜಾ, ಹಂತಿ ಅಂದ್ರ ಏನು?’ ಅಂತ ಕೇಳಿ. ಕಣದಲ್ಲಿ ಎತ್ತು ಕಟ್ಟಿ ತುಳಿಸುವುದನ್ನು ಹೇಳುತ್ತಾ ಅವರು ಒಂದು ಹಂತಿ ಪದವನ್ನೂ ಹಾಡಿಬಿಡಬಹುದು. ಆಗ ಪೆನ್ಸಿಲ್ ಕೆಳಗಿಡಿ, ಕೇಳಿ.

ಹಂತ 5: ಹಳಗನ್ನಡಕ್ಕೆ ಒಂದೇ ದೃಶ್ಯದ ಬಾಗಿಲು

ರನ್ನ ಮುಧೋಳದವನು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ. ‘ಗದಾಯುದ್ಧ’ ಪೂರ್ತಿ ಓದಲು ಹೊರಟರೆ ಹೊಸಬರು ಎರಡನೇ ಪುಟಕ್ಕೇ ಕೈಬಿಡುತ್ತಾರೆ. ಅದಕ್ಕೆ ಒಂದೇ ದೃಶ್ಯ ಆರಿಸಿಕೊಳ್ಳಿ. ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆದು ಹೋಗುವ ಭಾಗ. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ಅವನು ನಿಲ್ಲುತ್ತಾನೆ. ತಮ್ಮನ ಹೆಣದ ಮುಂದೆ ಆಡುವ ಮಾತಿನ ಭಾವ ಇಷ್ಟು: ತಾಯಿಯ ಹಾಲನ್ನು ನಾನು ಮೊದಲು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನಾನು ಮೊದಲು, ನೀನು ನಂತರ. ಸಾಯುವುದರಲ್ಲಿ ಮಾತ್ರ ಆ ಸರದಿ ತಪ್ಪಿತಲ್ಲ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುವ ಮನಸ್ಸೂ ಅವನಿಗಿದೆ.

ಓದುವ ಕ್ರಮ ಹೀಗಿರಲಿ. ಗದ್ಯಾನುವಾದ ಇರುವ ಆವೃತ್ತಿಯನ್ನೇ ತನ್ನಿ. ಮೊದಲು ಗದ್ಯ ಓದಿ ಕಥೆ ತಿಳಿದುಕೊಳ್ಳಿ. ಆಮೇಲೆ ಒಂದೇ ಪದ್ಯ ತೆಗೆದುಕೊಂಡು ಪೆನ್ಸಿಲ್ಲಿನಲ್ಲಿ ಸಂಧಿ ಬಿಡಿಸಿ. ಹಳಗನ್ನಡ ಕಷ್ಟ ಅನ್ನಿಸುವುದು ಪದಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ. ಬಿಡಿಸಿದರೆ ಮುಕ್ಕಾಲು ಪಾಲು ಪದ ನಿಮಗೆ ಗೊತ್ತಿರುವವೇ. ಬಿಡಿಸಿದ್ದಾದ ಮೇಲೆ ಮತ್ತೆ ಅಂಟಿಸಿಯೇ ಓದಿ, ಜೋರಾಗಿ. ವಾರಕ್ಕೆ ಒಂದು ಪದ್ಯ ಆದರೂ ಸಾಕು. ಗಮಕಿಗಳು ಓದುವ ಕಾರ್ಯಕ್ರಮ ಹತ್ತಿರದಲ್ಲಿ ಇದ್ದರೆ ತಪ್ಪಿಸಬೇಡಿ. ನೀವು ತಿಂಗಳುಗಟ್ಟಲೆ ಬಿಡಿಸುವುದನ್ನು ಅವರು ರಾಗದಲ್ಲೇ ಬಿಡಿಸಿ ಇಡುತ್ತಾರೆ.

ಹಂತ 6: ಹಾಡುವಲ್ಲಿಗೆ ಹೋಗಿ ಕೂತುಕೊಳ್ಳಿ

ಜಾತ್ರೆಗಳಲ್ಲಿ ಗೀಗೀ ಮೇಳ ಇದ್ದರೆ ಮುಂದಿನ ಸಾಲಿನಲ್ಲೇ ಜಾಗ ಹಿಡಿಯಿರಿ. ದಪ್ಪು, ತುಂತುಣಿ, ‘ಗೀಯ ಗೀಯ’ ಅನ್ನುವ ಹಿಮ್ಮೇಳ. ಹರದೇಶಿ ನಾಗೇಶಿ ಆದರೆ ಇನ್ನೂ ಚೆನ್ನ. ಒಂದು ಮೇಳ ಗಂಡಿನ ಪರ, ಇನ್ನೊಂದು ಹೆಣ್ಣಿನ ಪರ ರಾತ್ರಿಯೆಲ್ಲ ಹಾಡಿನಲ್ಲೇ ವಾದ ಹಾಕುತ್ತವೆ. ಪ್ರಶ್ನೆಗೆ ಪ್ರಶ್ನೆ ಎಸೆಯುವ ಚುರುಕು ನೋಡಬೇಕು. ಕವಿತೆ ಅಲ್ಲೇ, ನಿಮ್ಮೆದುರಿಗೇ ಹುಟ್ಟುತ್ತಿರುತ್ತದೆ.

ಲಾವಣಿಗಳಲ್ಲಿ ‘ಹಲಗಲಿಯ ಬೇಡರು’ ಓದಿ, ಆಮೇಲೆ ಯಾರಾದರೂ ಹಾಡಿದ್ದನ್ನು ಕೇಳಿ. ಹಲಗಲಿ ಮುಧೋಳ ತಾಲೂಕಿನ ಊರು. 1857ರಲ್ಲಿ ಹತಾರ (ಆಯುಧ) ಒಪ್ಪಿಸಬೇಕು ಅನ್ನುವ ಬ್ರಿಟಿಷರ ಕಾನೂನು ಬಂತು. ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಲಾವಣಿಕಾರ ದಂಡು ಬಂದ ಬಗೆ, ಸತ್ತವರ ಹೆಸರು, ಸುಟ್ಟು ಹೋದ ಮನೆಯ ಸಾಮಾನು, ಎಲ್ಲ ಒಂದೊಂದಾಗಿ ಹೇಳುತ್ತಾನೆ. ಆ ಪಟ್ಟಿಯನ್ನು ಅವಸರದಲ್ಲಿ ದಾಟಬೇಡಿ. ಒಂದೊಂದು ಸಾಮಾನಿನ ಹೆಸರನ್ನೂ ನಿಧಾನ ಓದಿ. ಒಂದೊಂದು ಮನೆ ಲೂಟಿಯಾದದ್ದು ಹೇಗೆ ಅಂತ ಆಗ ಕಾಣುತ್ತದೆ.

ಹಾಡುವವರ ಹಾಡನ್ನು ಫೋನಿನಲ್ಲಿ ಹಿಡಿದುಕೊಳ್ಳುವ ಮುಂಚೆ ಕೇಳಿ. ಹಾಡು ಯಾರಿಂದ ಕಲಿತರು ಅಂತಲೂ ಕೇಳಿ, ಬರೆದಿಡಿ. ಹಲಸಂಗಿ ಗೆಳೆಯರು ಮಾಡಿದ ಕೆಲಸ ಮುಗಿದಿಲ್ಲ.

ಹಂತ 7: ಬಾಯಿಪಾಠ

ಇದನ್ನು ಹಳೇ ಕಾಲದ್ದು ಅಂತ ಬಿಡಬೇಡಿ. ಬಾಯಿಪಾಠ ಆದ ಕವಿತೆ ಮಾತ್ರ ಬೇಕಾದಾಗ ಬರುತ್ತದೆ. ಬಸ್ಸಿಗೆ ಕಾಯುವಾಗ, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತಾಗ ಪುಸ್ತಕ ಕೈಯಲ್ಲಿ ಇರುವುದಿಲ್ಲ. ಉಪಾಯ ಸರಳ. ಕವಿತೆಯನ್ನು ನಿಮ್ಮ ಕೈಯಾರೆ ಒಮ್ಮೆ ಬರೆಯಿರಿ. ಬೆಳಗ್ಗೆ ಎರಡು ಸಾಲು ಹೇಳಿಕೊಳ್ಳಿ, ಸಂಜೆ ಅದೇ ಎರಡು ಸಾಲು ನೋಡದೆ ಹೇಳಿ. ಮರುದಿನ ಮುಂದಿನ ಎರಡು. ತಡವರಿಸುವ ಕಡೆ ಪ್ರಾಸ ಕೈಹಿಡಿಯುತ್ತದೆ, ಅದಕ್ಕೇ ಮೊದಲ ಎರಡು ಹಂತಗಳಲ್ಲಿ ಎರಡನೇ ಅಕ್ಷರದ ಹಿಂದೆ ಅಷ್ಟು ಬಿದ್ದದ್ದು. ಮಕ್ಕಳಿದ್ದರೆ ಅವರ ಜೊತೆ ಕಲಿಯಿರಿ, ನಿಮಗಿಂತ ಬೇಗ ಕಲಿತುಬಿಡುತ್ತಾರೆ. ‘ಆಡಿ ಬಾ ನನ ಕಂದ ಅಂಗಾಲ ತೊಳೆದೇನ’ ಒಂದು ಸಂಜೆಯಲ್ಲಿ ಬರುತ್ತದೆ.

ಹಂತ 8: ನಾಲ್ಕು ಜನ ಸೇರಿ

ಮಾಳಿಗೆ ಮೇಲೆ, ಗುಡಿ ಕಟ್ಟೆಯಲ್ಲಿ, ಗ್ರಂಥಾಲಯದ ಮೂಲೆಯಲ್ಲಿ, ಎಲ್ಲಾದರೂ ಆಗುತ್ತದೆ. ತಿಂಗಳಿಗೆ ಒಂದು ಸಲ, ಹುಣ್ಣಿಮೆಗೆ ಇಟ್ಟುಕೊಂಡರೆ ತಾರೀಖು ಮರೆಯುವುದಿಲ್ಲ. ಮೈಕು ಬೇಡ, ಅಧ್ಯಕ್ಷರು ಬೇಡ, ಹಾರ ತುರಾಯಿ ಬೇಡ. ಬಂದವರು ಒಬ್ಬೊಬ್ಬರು ಒಂದು ಕವಿತೆ ಓದಲಿ. ಸ್ವಂತ ಕವಿತೆ ಓದುವವರಿಗೆ ಬೇರೆ ದಿನ ಇಡಿ, ಇಲ್ಲದಿದ್ದರೆ ಉಳಿದವರಿಗೆ ಸರದಿಯೇ ಸಿಗುವುದಿಲ್ಲ. ಒಂದು ಕವಿತೆಯನ್ನು ಎರಡು ಸಲ, ಇಬ್ಬರ ದನಿಯಲ್ಲಿ ಓದಿಸಿ. ಒಬ್ಬರು ನಿಂತ ಕಡೆ ಇನ್ನೊಬ್ಬರು ನಿಲ್ಲುವುದಿಲ್ಲ, ಮಾತುಕತೆ ಅಲ್ಲಿಂದಲೇ ಎದ್ದೇಳುತ್ತದೆ.

‘ಕವಿ ಇಲ್ಲಿ ಏನು ಹೇಳುತ್ತಾನೆ’ ಅನ್ನುವ ಪ್ರಶ್ನೆಯನ್ನು ಯಾರೂ ಎತ್ತಬಾರದು. ‘ನಿಮ್ಮ ಕಿವಿಯಲ್ಲಿ ಯಾವ ಸಾಲು ಉಳಿಯಿತು?’ ಅಂತ ಮಾತ್ರ ಕೇಳಿ. ಓದಲು ಬರದ ಹಿರಿಯರನ್ನು ತಪ್ಪದೆ ಕರೆಯಿರಿ. ಆಯಿಯರ ಬಾಯಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ತ್ರಿಪದಿಗಳಿವೆ, ಅವರ ಸರದಿ ಬಂದಾಗ ಅವಸರ ಮಾಡಬೇಡಿ. ಮುಂದಿನ ಹುಣ್ಣಿಮೆಗೆ ಯಾರ ಮನೆ ಅನ್ನುವುದನ್ನು ಏಳುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.